ಟಾಲೋರಾ ಷೇರು ಕೊಳ್ಳುತ್ತೇನೆಂದ ಫೋನು

ಪರ್ತ್‌ನಲ್ಲಿ ನಾಲ್ಕು ಕನ್ನಡದ ಮನೆಯವರು ಸೇರಿ ಹಿತ್ತಲಲ್ಲಿ ಬಾರ್ಬಿಯ ಒಲೆ ಹಚ್ಚಿದರೆ, ಹೆಂಗಸರ ಮಾತು ಎಲ್ಲಿಗಾದರೂ ಹೋಗಲಿ, ಗಂಡಸರ ಮಾತು ಗಣಿಗೇ ಹೋಗುತ್ತದೆ. ಒಬ್ಬರು ಕಬ್ಬಿಣದ ಗಣಿಯಲ್ಲಿ ಎಂಜಿನಿಯರ್, ಇನ್ನೊಬ್ಬರು ಚಿನ್ನದ ಗಣಿಯಲ್ಲಿ. ಎಲ್ಲರ ಹತ್ತಿರವೂ ಯಾವುದಾದರೊಂದು ಗಣಿ ಕಂಪನಿಯ ಷೇರು ಇದ್ದೇ ಇರುತ್ತದೆ. ಬೆಲೆ ಏರಿದ್ದನ್ನು ಗಟ್ಟಿಯಾಗಿ ಹೇಳುತ್ತಾರೆ. ಮುಳುಗಿದ್ದನ್ನು ಮಾತ್ರ ಹೇಳುವುದಿಲ್ಲ, ಪ್ಲೇಟಿಗೆ ಇನ್ನೊಂದು ಜೋಳದ ತೆನೆ ಹಾಕಿಕೊಂಡು ಸುಮ್ಮನಾಗುತ್ತಾರೆ. ಹೀಗೆ ಸುಮ್ಮನಾಗುವ ಅಭ್ಯಾಸದಿಂದ ನಮ್ಮ ಮನೆಯಲ್ಲಿ ಏನಾಯಿತು ಎಂದು ಹೇಳುತ್ತೇನೆ, ಕೇಳಿ.

ನನ್ನ ಹೆಸರು ಕನಕ. ಕ್ಯಾನಿಂಗ್ ವೇಲ್‌ನಲ್ಲಿ ಮನೆ, ಪಕ್ಕದ ಶಾಲೆಯ ಕ್ಯಾಂಟೀನ್‌ನಲ್ಲಿ ಕೆಲಸ. ನನಗೆ ಅನುಮಾನ ಜಾಸ್ತಿ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಅದು ನಿಜ. ಅಂಗಡಿಯಲ್ಲಿ ಬಿಲ್ಲು ಕೈಗೆ ಬಂದರೆ ಟ್ರಾಲಿ ಪಕ್ಕದಲ್ಲೇ ನಿಂತು ಒಂದೊಂದು ಸಾಲನ್ನೂ ಓದುವವಳು ನಾನು. ಮಗಳು ಪೂರ್ವಿ ನನ್ನನ್ನು ಗುರುತಿಲ್ಲದವಳ ಹಾಗೆ ನಾಲ್ಕು ಹೆಜ್ಜೆ ದೂರ ನಿಲ್ಲುತ್ತಾಳೆ.

ನನ್ನ ಗಂಡ ಶರಣಪ್ಪ ಭೂವಿಜ್ಞಾನಿ. ಚಿತ್ರದುರ್ಗದವರು, ಮೈಸೂರಿನಲ್ಲಿ ಓದಿದವರು. ಇಪ್ಪತ್ತೊಂದು ವರ್ಷದಿಂದ ಇಲ್ಲಿನ ಗಣಿಗಳಲ್ಲಿ ಕಲ್ಲು ನೋಡುತ್ತಿದ್ದಾರೆ. ಏಳು ವರ್ಷದ ಹಿಂದೆ ಟಾಲೋರಾ ಮಿನರಲ್ಸ್ ಎಂಬ ಪರ್ತ್ ಕಂಪನಿಯವರು ಇವರನ್ನು ಎರಡು ತಿಂಗಳ ಮಟ್ಟಿಗೆ ಆಫ್ರಿಕಾಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ನೆಲ ಕೊರೆದು ತೆಗೆದ ಕಲ್ಲನ್ನು ನೋಡಿ, ಅದರಲ್ಲಿ ಗ್ರಾಫೈಟ್ ಎಷ್ಟಿದೆ ಎಂದು ಬರೆದುಕೊಡುವ ಕೆಲಸ. ವಾಪಸ್ ಬಂದವರು ಯುಗಾದಿ ಊಟದಲ್ಲಿ ಸ್ನೇಹಿತರ ಮುಂದೆ ಒಂದೇ ಮಾತು ಹೇಳಿದರು, ಇಂಥ ಒಳ್ಳೆಯ ಕಲ್ಲನ್ನು ತಾನು ನೋಡಿಯೇ ಇಲ್ಲ ಎಂದು.

ಅಷ್ಟೇ ಸಾಕಾಯಿತು. ನಮ್ಮವರಿಗೆ ಕಂಪನಿಯ ವರದಿ ಓದುವುದಕ್ಕಿಂತ ನಮ್ಮ ಶರಣಪ್ಪ ಹೇಳಿದರು ಎನ್ನುವುದೇ ಹೆಚ್ಚು. ಹನ್ನೊಂದು ಮನೆಯವರು ಷೇರು ಕೊಂಡರು. ಬ್ರಿಸ್ಬೇನ್‌ನಿಂದ ನನ್ನ ಗೆಳತಿ ಕಸ್ತೂರಿ ಮತ್ತು ಅವಳ ಗಂಡ, ಇಪ್ಸ್‌ವಿಚ್ ಆಸ್ಪತ್ರೆಯ ಡಾಕ್ಟರ್ ಲಿಂಗರಾಜ ಕೊಂಡರು. ಅಡಿಲೇಡ್‌ನಿಂದ ಇವರ ಹಳೆಯ ಸಹೋದ್ಯೋಗಿ ರಮಾಕಾಂತ್ ಮತ್ತು ಅವರ ಹೆಂಡತಿ ಪದ್ಮಕ್ಕ ಕೊಂಡರು. ನಾವೂ ಕೊಂಡೆವು.

ಕಲ್ಲು ನಿಜಕ್ಕೂ ಒಳ್ಳೆಯದೇ ಆಗಿತ್ತು. ಆದರೆ ಎರಡು ವರ್ಷವಾಗುವಷ್ಟರಲ್ಲಿ ಆ ದೇಶದ ಸರ್ಕಾರ ಗಣಿಯ ಲೈಸೆನ್ಸ್ ರದ್ದು ಮಾಡಿ ಬೇರೆ ಕಂಪನಿಗೆ ಕೊಟ್ಟಿತು. ಟಾಲೋರಾದವರು ಅಂತರರಾಷ್ಟ್ರೀಯ ನ್ಯಾಯಮಂಡಳಿಗೆ ಹೋದರು. ಇಲ್ಲಿನ ಷೇರುಪೇಟೆಯಲ್ಲಿ ಟಾಲೋರಾ ಷೇರಿನ ವಹಿವಾಟು ನಿಂತುಹೋಯಿತು. ಮಾರುವ ಹಾಗಿಲ್ಲ, ಕೊಳ್ಳುವ ಹಾಗಿಲ್ಲ. ತೀರ್ಪು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯುತ್ತ ಐದು ವರ್ಷ ಕಳೆಯಿತು.

ಮೊದಲೆಲ್ಲ ಕಂಪನಿಯಿಂದ ಬಂದ ಪ್ರತಿ ಇಮೇಲನ್ನೂ ಇವರು ಎರಡು ಸಲ ಓದುತ್ತಿದ್ದರು. ವಿಚಾರಣೆ ಮೂರನೆಯ ಸಲ ಮುಂದೆ ಹೋದಾಗ ಸಿಟ್ಟು ಬಂದು, ಇವರ ಸುಳ್ಳು ಪುರಾಣ ಸಾಕು ಎಂದು ಇಮೇಲುಗಳನ್ನೇ ನಿಲ್ಲಿಸಿಬಿಟ್ಟರು. ಅಂಚೆಯಲ್ಲಿ ಬಂದ ಲಕೋಟೆಗಳನ್ನು ಒಡೆಯದೆ ರೀಸೈಕ್ಲಿಂಗ್ ಡಬ್ಬಿಗೆ ಹಾಕಿದರು. ಕಂಪನಿಯ ಮೇಲೆ ಅನುಮಾನ, ಸರ್ಕಾರದ ಮೇಲೆ ಅನುಮಾನ, ವಕೀಲರ ಮೇಲೆ ಅನುಮಾನ. ನನ್ನನ್ನು ಮೀರಿಸಿಬಿಟ್ಟರು.

ಹೋದ ವರ್ಷ ರಮಾಕಾಂತ್ ತೀರಿಕೊಂಡರು. ಅವರ ಅಂತ್ಯಕ್ರಿಯೆಗೆ ಅಡಿಲೇಡ್‌ಗೆ ಹೋಗಿದ್ದಾಗ ಪದ್ಮಕ್ಕ ಷೇರಿನ ಸುದ್ದಿಯನ್ನೇ ಎತ್ತಲಿಲ್ಲ. ಆ ಅರವತ್ತಮೂರು ವರ್ಷದ ಹೆಂಗಸು ಗ್ಲೆನೆಲ್ಗ್‌ನ ಒಂದು ಬೆಡ್‌ರೂಮಿನ ಮನೆಯ ಸಾಲ ತೀರಿಸಲು ವೃದ್ಧಾಶ್ರಮದಲ್ಲಿ ಇನ್ನೂ ಶಿಫ್ಟ್ ಮಾಡುತ್ತಿದ್ದಾರೆ. ಅವರು ಬೈದಿದ್ದರೆ ಇವರಿಗೆ ಎಷ್ಟೋ ವಾಸಿಯಾಗುತ್ತಿತ್ತು. ಬೈಯಲಿಲ್ಲ. ವಿಮಾನದಲ್ಲಿ ವಾಪಸ್ ಬರುವಾಗ ಇವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಈ ವರ್ಷ ಜೂನ್ ತಿಂಗಳಲ್ಲಿ ಶುರುವಾಯಿತು ಫೋನಿನ ಕಥೆ. ನಾನು ಮಧ್ಯಾಹ್ನ, ಇಲ್ಲಿನವರ ಆರ್ವೋದಲ್ಲಿ, ಕ್ಯಾಂಟೀನ್ ಮುಗಿಸಿ ಬಂದರೆ ಇವರು ಡ್ರೈವ್‌ವೇಯಲ್ಲಿ ನಿಂತ ಕಾರಿನೊಳಗೆ ಗಾಜು ಏರಿಸಿಕೊಂಡು ಇಂಗ್ಲಿಷಿನಲ್ಲಿ ಮಾತಾಡುತ್ತಿರುತ್ತಿದ್ದರು. ನನ್ನನ್ನು ಕಂಡ ಕೂಡಲೇ ಫೋನ್ ಇಟ್ಟು ಕೆಲಸದ ವಿಷಯ ಎನ್ನುತ್ತಿದ್ದರು. ಕೆಲಸದ ವಿಷಯವಾದರೆ ಸೋಫಾದಲ್ಲಿ ಕಾಲು ಚಾಚಿ ಊರಿಗೆಲ್ಲ ಕೇಳುವ ಹಾಗೆ ಮಾತಾಡುವ ಮನುಷ್ಯ ಇವರು.

ನನ್ನ ತಲೆಗೆ ಬಾರದ ಯೋಚನೆಯೇ ಇಲ್ಲ. ಕೆಲಸ ಹೋಗಿದೆಯೇನೋ ಎಂದುಕೊಂಡೆ. ಯಾವುದೋ ಕಾಯಿಲೆ ಮುಚ್ಚಿಡುತ್ತಿದ್ದಾರೆ ಎಂದು ಅವರ ಜೇಬನ್ನೂ ನೋಡಿದೆ, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಆಸ್ಪತ್ರೆಯ ಚೀಟಿ ಸಿಗಲಿಲ್ಲ. ಹಾಳೆಯೊಂದರಲ್ಲಿ ಅವರ ಕೈಬರಹ ಸಿಕ್ಕಿತು: ಗ್ರಾಂಟ್, ಜೂನ್ ಮೂವತ್ತರ ಒಳಗೆ, ಪದ್ಮಕ್ಕ ಸರಿ ಅಂದರು.

ಮಾರನೆಯ ದಿನ ಅವರು ಕಾರಿನೊಳಗೆ ಕೂತಿದ್ದಾಗ ಹೋಗಿ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡೆ. ಎಲ್ಲಿಗೆ ಎಂದು ಕೇಳಿದರು. ನೀವು ನಿಜ ಹೇಳುವವರೆಗೆ ಎಲ್ಲಿಗಾದರೂ ಎಂದೆ. ಸರ್ವೋ, ಅಂದರೆ ಪೆಟ್ರೋಲ್ ಬಂಕಿನವರೆಗೆ ಹೋಗಿ, ಪೆಟ್ರೋಲ್ ಹಾಕಿಕೊಂಡು, ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಬಾಯಿ ಬಿಟ್ಟರು.

ಗ್ರಾಂಟ್ ಎಂಬುವನು ಸಿಂಗಪುರದ ಒಂದು ಹೂಡಿಕೆದಾರರ ಗುಂಪಿನವನಂತೆ. ನ್ಯಾಯಮಂಡಳಿಯ ತೀರ್ಪು ಟಾಲೋರಾ ಪರವಾಗಿಯೇ ಬರುತ್ತದೆ ಎಂದು ಅವರಿಗೆ ಒಳಗಿನ ಸುದ್ದಿ ಸಿಕ್ಕಿದೆಯಂತೆ. ಅದಕ್ಕೆ ಮುಂಚೆ ಸಣ್ಣ ಷೇರುದಾರರ ಷೇರನ್ನೆಲ್ಲ ನಾವು ಕೊಟ್ಟದ್ದಕ್ಕಿಂತ ಮೂರು ಪಟ್ಟು ಬೆಲೆಗೆ ಕೊಳ್ಳುತ್ತಾರಂತೆ. ಇಲ್ಲಿನ ಹಣಕಾಸಿನ ವರ್ಷ ಮುಗಿಯುವ ಮುಂಚೆ, ಜೂನ್ ಮೂವತ್ತರ ಒಳಗೆ ಆಗಬೇಕಂತೆ. ಯಾರಿಗೂ ಹೇಳಬಾರದಂತೆ. ಮತ್ತೆ ಒಂದು ಠೇವಣಿ ಕಟ್ಟಬೇಕಂತೆ, ಆಮೇಲೆ ಪೂರ್ತಿ ವಾಪಸ್ ಕೊಡುತ್ತಾರಂತೆ.

ಇಷ್ಟೊಂದು ಅಂತೆ ಕೇಳಿ ನನ್ನ ಕಿವಿ ನೆಟ್ಟಗಾಯಿತು. "ರೀ, ಹೋದ ತಿಂಗಳು ನಾನು ಹಳೇ ವಾಷಿಂಗ್ ಮಷೀನ್ ಮಾರಿದ್ನಲ್ಲ, ತಗೊಳ್ಳೋಕೆ ಬಂದವನು ನನ್ನ ಹತ್ರ ದುಡ್ಡು ಕೇಳಿದ್ನಾ? ಮಾರೋರು ಯಾಕ್ರೀ ದುಡ್ಡು ಕೊಡ್ಬೇಕು?"

ವಾಷಿಂಗ್ ಮಷೀನಿಗೂ ಷೇರಿಗೂ ವ್ಯತ್ಯಾಸ ಗೊತ್ತಿಲ್ಲದವಳು ಎಂದರು. ನಮ್ಮ ಹೆಸರಿನಲ್ಲಿ ಎಷ್ಟು ಷೇರಿದೆ ಎಂದು ಅವನು ಒಂದೂ ತಪ್ಪದೆ ಹೇಳಿದನಂತೆ, ಮೋಸಗಾರನಾದರೆ ಅದು ಹೇಗೆ ಗೊತ್ತಿರುತ್ತದೆ ಎಂದು ಕೇಳಿದರು. ಅಷ್ಟೇ ಅಲ್ಲ, ಇವರೂ ಅವನನ್ನು ಪರೀಕ್ಷೆ ಮಾಡಿದ್ದರು. ಅಲ್ಲಿ ನೆಲಕ್ಕೆ ಕೊರೆದ ನಲವತ್ತೇಳನೆಯ ಕೊಳವೆಯಲ್ಲಿ ಎಷ್ಟು ಆಳದಲ್ಲಿ ಗ್ರಾಫೈಟ್ ಸಿಕ್ಕಿತು, ಎಷ್ಟು ದಪ್ಪ ಇತ್ತು ಎಂದು ಕೇಳಿದ್ದರು. ಅವನು ತಡವರಿಸದೆ ಹೇಳಿದ. ಆಮೇಲೆ ಅವನೇ ಇವರನ್ನು ಸರ್ ಎಂದು ಕರೆದು, ಆ ಕಲ್ಲಿನ ಬಗ್ಗೆ ನಿಮ್ಮ ಅಭಿಪ್ರಾಯ ಏನು ಎಂದು ಅರ್ಧ ಗಂಟೆ ಕೇಳಿಸಿಕೊಂಡನಂತೆ.

ಐದು ವರ್ಷದಿಂದ ನಮ್ಮ ಮನೆಯಲ್ಲಿ ಯಾರೂ ಇವರನ್ನು ಆ ಕಲ್ಲಿನ ಬಗ್ಗೆ ಕೇಳಿರಲಿಲ್ಲ. ನಾನಂತೂ ಟಾಲೋರಾ ಎಂಬ ಹೆಸರೆತ್ತಿದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಕೇಳುವವನೊಬ್ಬ ಸಿಕ್ಕಿದ್ದ, ಅವನು ಯಾರು ಎಂದು ಇವರು ನೋಡಲಿಲ್ಲ.

ಪದ್ಮಕ್ಕನ ವಿಷಯ ಕೇಳಿದೆ. ಪದ್ಮಕ್ಕನ ಹಣ ಹೇಗಾದರೂ ಹೊರಗೆ ತರಬೇಕು ಎಂದು ಇವರೇ ಗ್ರಾಂಟ್‌ಗೆ ಅವರ ನಂಬರ್ ಕೊಟ್ಟಿದ್ದರು. ಅವರು ಹೋದ ವಾರ ಅರ್ಜಿ ಶುಲ್ಕ ಎಂದು ಎರಡು ಸಾವಿರ ಡಾಲರ್ ಕಳಿಸಿಯೂ ಆಗಿತ್ತು. ಠೇವಣಿ ಇನ್ನೂ ದೊಡ್ಡದು, ಮೂವತ್ತೆಂಟು ಸಾವಿರ. ರಮಾಕಾಂತ್ ಹೋದ ಮೇಲೆ ಬಂದ ಇನ್ಶೂರೆನ್ಸ್ ದುಡ್ಡಿನಲ್ಲಿ ಮನೆ ಸಾಲಕ್ಕೆ ಕಟ್ಟಿ ಉಳಿದದ್ದು ಅಷ್ಟೇ. ಮಾರನೆಯ ದಿನ ಬೆಳಗ್ಗೆ ಬ್ಯಾಂಕು ತೆರೆದ ಕೂಡಲೇ ಕಳಿಸುವುದೆಂದು ಮಾತಾಗಿತ್ತು. ಅದು ಹೋದಮೇಲೆ ನಮ್ಮ ಸರದಿ.

ಮನೆಗೆ ಬಂದವಳೇ ಕಸ್ತೂರಿಗೆ ಫೋನ್ ಮಾಡಿದೆ. ಅವಳು ಬ್ರಿಸ್ಬೇನ್‌ನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಒಂದು ಬ್ಯಾಂಕಿನ ಆಫೀಸಿನಲ್ಲಿದ್ದಾಳೆ. ಮೋಸದ ಪಾವತಿಗಳನ್ನು ಹಿಡಿದು ನಿಲ್ಲಿಸುವುದೇ ಅವಳ ಕೆಲಸ. ಮೈಸೂರಿನ ಹಾಸ್ಟೆಲ್‌ನಲ್ಲಿ ನನ್ನ ಪಕ್ಕದ ಮಂಚದವಳು, ಮುಲಾಜಿಲ್ಲದೆ ಮಾತಾಡುವವಳು. ಫೋನನ್ನು ಸ್ಪೀಕರಿಗೆ ಹಾಕಿ ಇವರ ಮುಂದೆ ಇಟ್ಟೆ. ಇವರು ಕೈಕಟ್ಟಿ ಕೂತರು.

ಕಸ್ತೂರಿ ಪೂರ್ತಿ ಕೇಳಿದಳು. ಷೇರುದಾರರ ಪಟ್ಟಿ ಗುಟ್ಟಿನದೇನಲ್ಲ, ಕಾನೂನಿನ ಪ್ರಕಾರ ಯಾರು ಬೇಕಾದರೂ ಹೋಗಿ ನೋಡಬಹುದು, ಯಾರ ಹೆಸರಿನಲ್ಲಿ ಎಷ್ಟಿದೆ ಎಂಬುದೂ ಅದರಲ್ಲೇ ಇರುತ್ತದೆ ಎಂದಳು. ಮೋಸಗಾರರು ಇಂಥ ಪಟ್ಟಿಗಳನ್ನು ಹೇಗೋ ಕೈಗೆ ಹಾಕಿಕೊಂಡೇ ಕೂತಿರುತ್ತಾರೆ. ವಹಿವಾಟು ನಿಂತ ಕಂಪನಿ ಎಂದರೆ ಅವರಿಗೆ ಹಬ್ಬ, ಯಾಕೆಂದರೆ ಆ ಪಟ್ಟಿಯಲ್ಲಿರುವವರೆಲ್ಲ ಕಾದು ಬೇಸತ್ತವರು. ಇನ್ನು ಕೊಳವೆಯ ಲೆಕ್ಕ. ಟಾಲೋರಾದ ಪ್ರತಿ ಕೊಳವೆಯ ವರದಿಯೂ ಷೇರುಪೇಟೆಯ ವೆಬ್‌ಸೈಟಿನಲ್ಲಿ ಇದೆ, ಯಾರು ಬೇಕಾದರೂ ಓದಬಹುದು.

ಆಮೇಲೆ ಮೆಲ್ಲಗೆ ಕೇಳಿದಳು. "ಶರಣಪ್ಪಣ್ಣ, ನೀವು ಕಲ್ಲನ್ನ ಚೆಕ್ ಮಾಡಿದ್ರಿ. ಆ ಮನುಷ್ಯನ್ನ ಚೆಕ್ ಮಾಡಿದ್ರಾ?"

ಮಾಡಿದ್ದೇನೆ ಎಂದರು. ಗ್ರಾಂಟ್ ಒಂದು ಸರ್ಕಾರಿ ಕಚೇರಿಯ ನಂಬರ್ ಕೊಟ್ಟಿದ್ದನಂತೆ. ಅಲ್ಲಿಗೆ ಫೋನ್ ಮಾಡಿದರೆ ಒಬ್ಬಳು ಹೆಣ್ಣುಮಗಳು, ಹೌದು ಸರ್, ಅವರ ಲೈಸೆನ್ಸ್ ಸರಿಯಾಗಿದೆ ಎಂದಳಂತೆ.

ಆ ನಂಬರ್ ಕೊಟ್ಟವನು ಯಾರು ಎಂದು ಕಸ್ತೂರಿ ಕೇಳಿದಳು. ಫೋನ್ ಎತ್ತಿದವಳೂ ಅವನ ಕಡೆಯವಳೇ ಇರಬೇಕು ಎಂದಳು. ಬೆಳಗ್ಗೆ ಪದ್ಮಕ್ಕನನ್ನು ತಡೆಯಲೇಬೇಕು ಎಂದಳು.

ಆಗ ಇವರು ಎದ್ದು ನಿಂತರು. ಅನುಮಾನ ಎಲ್ಲೆಲ್ಲಿ ಹೋಗುತ್ತದೆ ನೋಡಿ. "ನಿಮ್ಮದೂ ಟಾಲೋರಾ ಷೇರಿದೆ ಕಸ್ತೂರಿ. ನಾವು ಮಾರದೇ ಇದ್ರೆ ನಿಮಗೇನೋ ಲಾಭ ಇರ್ಬೇಕು. ಬ್ಯಾಂಕಿನೋರನ್ನ ನಾನ್ಯಾಕೆ ನಂಬ್ಲಿ?" ಎಂದು ಹೇಳಿ ಹಿತ್ತಲಿಗೆ ಹೋಗಿ, ಯಾವತ್ತೂ ಮುಟ್ಟದ ಬಾರ್ಬಿಯ ಕಂಬಿ ತಿಕ್ಕಲು ನಿಂತರು. ಮೂವತ್ತು ವರ್ಷದ ಗೆಳತಿಗೆ ಆಡುವ ಮಾತೇ ಇದು? ನನಗೆ ಅಳು ಬಂತು. ಕಸ್ತೂರಿ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. ದಿನಕ್ಕೆ ಹತ್ತು ಜನ ತನಗೆ ಹೀಗೇ ಹೇಳುತ್ತಾರೆ, ನಿಮ್ಮನ್ನು ತಡೆಯುವವರೇ ನಿಮ್ಮ ಶತ್ರುಗಳು ಎಂದು ಅವರಿಗೆ ಮೊದಲೇ ಪಾಠ ಮಾಡಿರುತ್ತಾರೆ ಎಂದಳು.

"ನಿಮ್ಮ ಷೇರು ಯಾರ ಹೆಸರಲ್ಲಿದೆ ಕನಕ?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಬಿಲ್ಲಿನ ಒಂದೊಂದು ಸಾಲು ಓದುವವಳಿಗೆ ಇದು ಗೊತ್ತಿರಲಿಲ್ಲ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಫೈಲುಗಳನ್ನೆಲ್ಲ ಹರಡಿ ಪೂರ್ವಿಯ ಜೊತೆ ಹುಡುಕಿದೆ. ಟಾಲೋರಾ ಷೇರಿನ ಒಂದು ಹಳೆಯ ಸ್ಟೇಟ್‌ಮೆಂಟ್ ಸಿಕ್ಕಿತು. "ಮಮ್, ಯುವರ್ ನೇಮ್ ಈಸ್ ಹಿಯರ್ ಟೂ" ಎಂದು ಪೂರ್ವಿ ತೋರಿಸಿದಳು. ಎರಡನೆಯ ಹೆಸರು ನನ್ನದೇ. ಎಲ್ಲಿ ಸೈನ್ ಹಾಕು ಎಂದರೋ ಅಲ್ಲಿ ಹಾಕಿದ್ದೆ.

ಕಸ್ತೂರಿ ಹೇಳಿಕೊಟ್ಟಳು. ಆ ಕಾಗದದ ಮೇಲೆ ರಿಜಿಸ್ಟ್ರಿಯ ನಂಬರ್ ಇರುತ್ತದೆ. ರಿಜಿಸ್ಟ್ರಿ ಎಂದರೆ ಕಂಪನಿಯ ಪರವಾಗಿ ಷೇರುದಾರರ ಪಟ್ಟಿ ಇಟ್ಟುಕೊಂಡಿರುವ ಕಚೇರಿ. ಜಂಟಿ ಷೇರುದಾರಳಾಗಿ ನಾನೇ ಕೇಳಬಹುದು. ಗ್ರಾಂಟ್ ಕೊಟ್ಟ ಯಾವ ನಂಬರಿಗೂ, ಯಾವ ಲಿಂಕಿಗೂ ಹೋಗಬಾರದು. ಸಿಡ್ನಿಯಲ್ಲಿ ಆ ಕಚೇರಿ ತೆರೆಯುವ ಹೊತ್ತಿಗೆ ನಮ್ಮಲ್ಲಿ ಬೆಳಗ್ಗೆ ಆರೂವರೆ. ಅಡಿಲೇಡ್‌ನ ಬ್ಯಾಂಕು ತೆರೆಯುವ ಹೊತ್ತಿಗೆ ನಮ್ಮಲ್ಲಿ ಎಂಟು. ನಡುವೆ ಒಂದೂವರೆ ಗಂಟೆ ಸಿಗುತ್ತದೆ.

ಪದ್ಮಕ್ಕನಿಗೆ ಆ ಸಂಜೆಯೇ ಮೂರು ಸಲ ಫೋನ್ ಮಾಡಿದೆ. ಶಿಫ್ಟ್‌ನಲ್ಲಿದ್ದರೋ ಏನೋ, ಎತ್ತಲಿಲ್ಲ. ಕಾಯಿರಿ, ಏನೂ ಕಳಿಸಬೇಡಿ ಎಂದು ಮೆಸೇಜ್ ಹಾಕಿದೆ. ಓದಿದ ಗುರುತಾಗಿ ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಬೆಳಗ್ಗೆ ಆರೂವರೆಗೆ ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತು ಫೋನ್ ಹಚ್ಚಿದೆ. ಹನ್ನೆರಡು ನಿಮಿಷ ಸಂಗೀತ ಕೇಳಿಸಿದರು. ಆಮೇಲೆ ಒಬ್ಬ ಹುಡುಗಿ ಬಂದು ನನ್ನ ಹೆಸರು, ವಿಳಾಸ, ಷೇರುದಾರರ ಸಂಖ್ಯೆ ಎಲ್ಲ ಕೇಳಿದಳು. ನನ್ನನ್ನೇ ಅನುಮಾನಿಸಿ ಅಷ್ಟು ಪ್ರಶ್ನೆ ಕೇಳಿದಳಲ್ಲ, ನನಗೆ ಅವಳ ಮೇಲೆ ಗೌರವ ಬಂತು. ಟಾಲೋರಾ ಷೇರನ್ನು ಯಾರಾದರೂ ಕೊಳ್ಳುತ್ತಿದ್ದಾರೆಯೇ ಎಂದು ಕೇಳಿದೆ.

ಅಂಥ ಯಾವ ಪ್ರಸ್ತಾಪವೂ ದಾಖಲಾಗಿಲ್ಲ ಎಂದಳು. ಕಂಪನಿಯನ್ನು ಕೊಳ್ಳುವ ಪ್ರಸ್ತಾಪ ಬಂದರೆ ಅದನ್ನು ಷೇರುಪೇಟೆಗೆ ಬಹಿರಂಗವಾಗಿ ತಿಳಿಸಬೇಕು, ಗುಟ್ಟಾಗಿ ಫೋನಿನಲ್ಲಿ ನಡೆಯುವುದಿಲ್ಲ. ಇಂಥ ಕರೆಗಳ ಬಗ್ಗೆ ಏಪ್ರಿಲ್‌ನಲ್ಲೇ ಎಲ್ಲ ಷೇರುದಾರರಿಗೂ ಎಚ್ಚರಿಕೆಯ ಪತ್ರ ಹೋಗಿದೆ, ನಿಮಗೆ ಬರಲಿಲ್ಲವೇ ಎಂದು ಕೇಳಿದಳು.

ತಿರುಗಿ ನೋಡಿದೆ. ಇವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಪೂರ್ವಿ ಷೇರುಪೇಟೆಯ ವೆಬ್‌ಸೈಟ್ ತೆರೆದು ಆ ಏಪ್ರಿಲ್ ಪತ್ರವನ್ನು ಅವರ ಮುಂದೆ ಇಟ್ಟಳು. ಮೂರು ಪಟ್ಟು ಬೆಲೆ, ವಾಪಸ್ ಬರುವ ಠೇವಣಿ, ಹಣಕಾಸಿನ ವರ್ಷದ ಗಡುವು, ಎಲ್ಲವೂ ಅದರಲ್ಲಿ ಇತ್ತು. ಗ್ರಾಂಟ್ ಎಂಬ ಹೆಸರು ಮಾತ್ರ ಇರಲಿಲ್ಲ. ಹೆಸರನ್ನು ಈ ಮೋಸಗಾರರು ಬದಲಿಸುತ್ತಲೇ ಇರುತ್ತಾರಂತೆ.

ಇವರು ಕುರ್ಚಿ ಎಳೆದು ಕೂತರು. ಆ ಪತ್ರವನ್ನು ಮತ್ತೆ ಮೊದಲಿಂದ ಓದಿದರು. ಆಮೇಲೆ ಗಂಟೆ ನೋಡಿದರು. ಏಳೂ ಕಾಲು.

ಪದ್ಮಕ್ಕನಿಗೆ ನಾನು ಹೇಳುತ್ತೇನೆ ಎಂದು ಫೋನ್ ಎತ್ತಿಕೊಂಡೆ. ಬೇಡ ಎಂದು ಕೈಯಿಂದ ಇಸಿದುಕೊಂಡರು. ಎರಡನೆಯ ಸಲಕ್ಕೆ ಎತ್ತಿದರು ಪದ್ಮಕ್ಕ. ಮನೆಯಿಂದ ಹೊರಟು ಟ್ರಾಮ್ ಸ್ಟಾಪಿನ ಹತ್ತಿರ ನಡೆಯುತ್ತಿದ್ದರು, ಸಮುದ್ರದ ಗಾಳಿಯ ಸದ್ದು ಕೇಳುತ್ತಿತ್ತು.

ಇವರು ಸುತ್ತಿ ಬಳಸದೆ ಹೇಳಿದರು. ಗ್ರಾಂಟ್ ಮೋಸಗಾರ, ಬ್ಯಾಂಕಿಗೆ ಹೋಗಬೇಡಿ, ತಪ್ಪು ನನ್ನದು ಎಂದರು.

ಪದ್ಮಕ್ಕನ ದನಿ ಬೇರೆಯೇ ಆಯಿತು. "ಶರಣಪ್ಪ, ಗ್ರಾಂಟ್ ನನಗೆ ಮೊದ್ಲೇ ಹೇಳಿದ್ರಪ್ಪ. ಕೊನೇ ಗಳಿಗೇಲಿ ನಿಮ್ಮೋರೇ ಬಂದು ತಡೀತಾರೆ, ಕೊಳ್ಳೋದು ಸ್ವಲ್ಪ ಜನರ ಷೇರು ಮಾತ್ರ, ಅವರಿಗೆ ತಮ್ಮ ಷೇರು ಮೊದಲು ಹೋಗ್ಬೇಕಾಗಿರುತ್ತೆ ಅಂತ. ನಿನ್ನೆ ಕನಕ ಮೆಸೇಜ್ ಹಾಕಿದ್ಲು, ಇವತ್ತು ನೀನು. ನಾನು ಯಾರನ್ನ ನಂಬ್ಲಿ? ಷೇರು ತಗೋ ಅಂದಿದ್ದೂ ನೀನೇ, ಮಾರು ಅಂದಿದ್ದೂ ನೀನೇ. ಈಗ ಬೇಡ ಅಂತೀಯ."

ಅಣ್ಣ ತಮ್ಮಂದಿರಿಗಿಂತ ಹೆಚ್ಚಾಗಿದ್ದ ಮನೆ ಅದು. ನಾನು ಫೋನ್ ಇಸಿದುಕೊಂಡು ಆಣೆ ಪ್ರಮಾಣ ಮಾಡೋಣ ಎಂದುಕೊಂಡೆ. ಅಷ್ಟರಲ್ಲಿ ಇವರು ಹೇಳಿದ ಮಾತು ನಾನು ಸಾಯುವವರೆಗೆ ಮರೆಯುವುದಿಲ್ಲ.

"ನನ್ನನ್ನ ನಂಬಬೇಡಿ ಪದ್ಮಕ್ಕ. ನೀವು ಹೇಳ್ತಿರೋದು ಸರಿ. ನನ್ನ ಮಾತು ಕೇಳೇ ನೀವು ಹಾಳಾಗಿದ್ದು. ಇದೊಂದ್ಸಲ ಕೇಳ್ಬೇಡಿ. ರಮಾಕಾಂತ್ ಫೈಲಲ್ಲಿ ಷೇರಿನ ಹಳೇ ಸ್ಟೇಟ್‌ಮೆಂಟ್ ಇರುತ್ತೆ. ಅದರ ಮೇಲಿರೋ ನಂಬರಿಗೆ ನೀವೇ ಫೋನ್ ಮಾಡಿ, ನೀವೇ ಕೇಳಿ. ಅವರು ಸರಿ ಅಂದ್ರೆ ದುಡ್ಡು ಕಳ್ಸಿ, ನಾನು ಅಡ್ಡ ಬರಲ್ಲ."

ಪದ್ಮಕ್ಕ ಫೋನ್ ಇಟ್ಟುಬಿಟ್ಟರು.

ಅಲ್ಲಿಂದ ಮುಂದಿನ ಒಂದು ಗಂಟೆ ನಮ್ಮ ಮನೆಯಲ್ಲಿ ಯಾರೂ ಕಾಫಿ ಕೂಡ ಕುಡಿಯಲಿಲ್ಲ. ಎಂಟು ಹೊಡೆಯಿತು. ಅಡಿಲೇಡ್‌ನಲ್ಲಿ ಬ್ಯಾಂಕು ತೆರೆದಿರುತ್ತದೆ. ಎಂಟೂ ಹತ್ತು. ಗ್ರಾಂಟ್‌ನ ಹೆಸರು ಇವರ ಫೋನಿನಲ್ಲಿ ಎರಡು ಸಲ ಬೆಳಗಿ ಆರಿತು, ಇವರು ಎತ್ತಲಿಲ್ಲ. ಇಲ್ಲಿ ನಾವು ಮೂರು ಜನ, ಸಾವಿರಾರು ಕಿಲೋಮೀಟರ್ ಆಚೆ ಒಬ್ಬಂಟಿ ಹೆಂಗಸು. ಅವರು ಮನೆಗೆ ತಿರುಗಿ ಹೋದರೋ, ಬ್ಯಾಂಕಿಗೆ ಹೋದರೋ ಗೊತ್ತಿಲ್ಲ.

ಎಂಟೂ ಇಪ್ಪತ್ತಕ್ಕೆ ಪದ್ಮಕ್ಕನ ಫೋನ್ ಬಂತು. ಮನೆಗೆ ವಾಪಸ್ ಹೋಗಿ, ರಮಾಕಾಂತ್ ಅವರ ಫೈಲ್ ತೆಗೆದು, ರಿಜಿಸ್ಟ್ರಿಗೆ ಫೋನ್ ಮಾಡಿದ್ದರು. ಅಲ್ಲಿ ಅವರಿಗೂ ಅದೇ ಉತ್ತರ ಸಿಕ್ಕಿತ್ತು. ಠೇವಣಿ ಕಳಿಸಿರಲಿಲ್ಲ.

"ಅವರ ಕೈಬರಹ ಇತ್ತು ಕಣೇ ಕನಕ ಫೈಲ್ ಮೇಲೆ. ಒಂದು ವರ್ಷದಿಂದ ತೆಗೆಯೋಕೆ ಧೈರ್ಯ ಬಂದಿರ್ಲಿಲ್ಲ" ಎಂದು ಅತ್ತರು. ನಾನೂ ಅತ್ತೆ. ಇವರು ಹಿತ್ತಲಿಗೆ ಹೋದರು.

ಮೊದಲು ಕಳಿಸಿದ ಎರಡು ಸಾವಿರ ಮಾತ್ರ ಹೋಯಿತು. ಕಸ್ತೂರಿ ಹೇಳಿದ ಹಾಗೆ ಪದ್ಮಕ್ಕ ಆ ಕೂಡಲೇ ತಮ್ಮ ಬ್ಯಾಂಕಿಗೆ ಫೋನ್ ಮಾಡಿ ಮೋಸ ಎಂದು ತಿಳಿಸಿದರು, ಸರ್ಕಾರದ ಮೋಸ ತಡೆ ವಿಭಾಗ ಸ್ಕ್ಯಾಮ್‌ವಾಚ್‌ಗೆ ದೂರು ಕೊಟ್ಟರು. ಹಣ ಆಗಲೇ ಯಾವುದೋ ದೇಶಕ್ಕೆ ದಾಟಿತ್ತು. ಆ ಎರಡು ಸಾವಿರ ನಾನು ಕೊಡುತ್ತೇನೆ ಎಂದು ಇವರು ಹೇಳಿದರು. ಪದ್ಮಕ್ಕ ಬೇಡವೆಂದರು. ಅದರ ಬದಲು ಮಿಕ್ಕವರಿಗೆಲ್ಲ ನೀನೇ ನಿನ್ನ ಬಾಯಿಂದ ಹೇಳು ಎಂದರು. ಹಣ ಕೊಡುವುದಕ್ಕಿಂತ ಅದು ಕಷ್ಟದ್ದು.

ಇವರು ಮೊದಲು ಕಸ್ತೂರಿಗೆ ಫೋನ್ ಮಾಡಿ ಕ್ಷಮೆ ಕೇಳಿದರು. ಆಮೇಲೆ ಹನ್ನೊಂದು ಮನೆಯವರ ವಾಟ್ಸಾಪ್ ಗುಂಪಿನಲ್ಲಿ, ತಾನು ಹೇಗೆ ಮೋಸ ಹೋದೆ, ಪದ್ಮಕ್ಕನನ್ನೂ ಹೇಗೆ ಸಿಕ್ಕಿಸಿದೆ ಎಂದು ಒಂದನ್ನೂ ಮುಚ್ಚಿಡದೆ ಬರೆದರು. ಸಂಜೆಯೊಳಗೆ ನಾಲ್ಕು ಮನೆಯವರು ಫೋನ್ ಮಾಡಿದರು. ಅವರಿಗೂ ಕರೆ ಬಂದಿತ್ತು. ಒಬ್ಬನಿಗೆ ಗ್ರಾಂಟ್, ಇನ್ನೊಬ್ಬನಿಗೆ ಮಾರ್ಕಸ್. ಒಬ್ಬೊಬ್ಬರೂ ತಮ್ಮ ತಮ್ಮ ಕಾರಿನೊಳಗೆ ಗಾಜು ಏರಿಸಿಕೊಂಡು ಮಾತಾಡಿದ್ದರು. ಅದರಲ್ಲಿ ಇಬ್ಬರು ಹಣ ಕಳಿಸಿಯಾಗಿತ್ತು, ಹೆಂಡತಿಗೆ ಹೇಳಿರಲಿಲ್ಲ.

ಇಷ್ಟಕ್ಕೇ ಮುಗಿಯಿತು ಎಂದುಕೊಳ್ಳಬೇಡಿ. ಜುಲೈ ಮಧ್ಯದಲ್ಲಿ ಒಂದು ಶನಿವಾರ ನಾವು ಊಟಕ್ಕೆ ಕೂತಿದ್ದಾಗ ಫೋನ್ ಬಂತು. ಈ ಸಲ ಇವರು ಎದ್ದು ಹೋಗಲಿಲ್ಲ, ತಟ್ಟೆಯ ಪಕ್ಕದಲ್ಲೇ ಇಟ್ಟು ಸ್ಪೀಕರ್ ಹಾಕಿದರು. ಬಹಳ ಮರ್ಯಾದೆಯ ದನಿ. ಟಾಲೋರಾ ಷೇರುದಾರರಿಗೆ ಆದ ಮೋಸವನ್ನು ತನಿಖೆ ಮಾಡುತ್ತಿರುವ ಅಧಿಕಾರಿ ತಾನು, ಅಡಿಲೇಡ್‌ನ ನಿಮ್ಮ ಪರಿಚಯದವರೊಬ್ಬರು ಕಳೆದುಕೊಂಡ ಹಣ ಸಿಕ್ಕಿದೆ, ಅದನ್ನು ಬಿಡಿಸಿಕೊಡಲು ಸಣ್ಣದೊಂದು ಶುಲ್ಕ ಆಗುತ್ತದೆ ಎಂದ. ಒಮ್ಮೆ ಕಚ್ಚಿದವರೇ ಇನ್ನೊಂದು ಅಂಗಿ ಹಾಕಿಕೊಂಡು ಬಂದಿದ್ದರು.

ಪದ್ಮಕ್ಕನ ಹಣ ಎಂದ ಕೂಡಲೇ ಇವರ ಕೈ ತುತ್ತಿನ ಮೇಲೆ ನಿಂತಿತು. ಆಸೆ ಎಷ್ಟು ಬೇಗ ಬರುತ್ತದೆ ಎಂದು ನಾನು ಆವತ್ತು ಕಣ್ಣಾರೆ ಕಂಡೆ. ಇವರು ಅವನ ಹೆಸರು ಕೇಳಿದರು, ಕಚೇರಿ ಯಾವುದು ಎಂದು ಕೇಳಿ ಬರೆದುಕೊಂಡರು. ನಿಮ್ಮ ಕಚೇರಿಯ ನಂಬರನ್ನು ನಾನೇ ಹುಡುಕಿ ಸೋಮವಾರ ಫೋನ್ ಮಾಡುತ್ತೇನೆ, ಮತ್ತೆ ಈ ಮಾತನ್ನು ನನ್ನ ಹೆಂಡತಿಯೂ ಕೇಳಿಸಿಕೊಳ್ಳುತ್ತಿದ್ದಾಳೆ ಎಂದರು. ಲೈನು ಕತ್ತರಿಸಿಹೋಯಿತು.

"ಸಾರು ಹಾಕು" ಎಂದರು. ಹಾಕಿದೆ.

ಟಾಲೋರಾ ತೀರ್ಪು ಇನ್ನೂ ಬಂದಿಲ್ಲ. ಬರುವ ವರ್ಷ ಬರಬಹುದು, ಬಾರದೆಯೂ ಇರಬಹುದು, ಬಂದರೂ ನಮ್ಮ ಹಣ ಬರುತ್ತದೆ ಎಂದು ನಾನು ಹೇಳಲಾರೆ. ಕಂಪನಿಯ ಇಮೇಲುಗಳನ್ನು ಇವರು ಮತ್ತೆ ತರಿಸಿಕೊಳ್ಳುತ್ತಿದ್ದಾರೆ. ಈಗ ಇಬ್ಬರೂ ಓದುತ್ತೇವೆ, ಬೈಯುವುದಿದ್ದರೂ ಓದಿಯೇ ಬೈಯುತ್ತೇವೆ.

ಪರ್ತ್, ಬ್ರಿಸ್ಬೇನ್, ಅಡಿಲೇಡ್, ಎಲ್ಲೇ ಇರಿ, ನಿಮ್ಮ ಹತ್ತಿರವೂ ಹೀಗೆ ನಿಂತುಹೋದ ಷೇರು ಇದ್ದರೆ ಒಂದಲ್ಲ ಒಂದು ದಿನ ನಿಮಗೂ ಫೋನ್ ಬರುತ್ತದೆ. ಫೋನ್ ಮಾಡಿದವನಿಗೆ ನಿಮ್ಮ ಹೆಸರು ಗೊತ್ತಿರುತ್ತದೆ, ಷೇರಿನ ಲೆಕ್ಕ ಗೊತ್ತಿರುತ್ತದೆ, ನೀವು ಎಷ್ಟು ನೊಂದಿದ್ದೀರಿ ಎಂಬುದೂ ಗೊತ್ತಿರುತ್ತದೆ. ಅದರಿಂದ ಅವನು ನಿಮ್ಮವನಾಗುವುದಿಲ್ಲ. ಕೊಳ್ಳುವವನು ನಿಮ್ಮ ಹತ್ತಿರವೇ ಹಣ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಅವನು ಕೊಟ್ಟ ನಂಬರಿಗೆ ಫೋನ್ ಮಾಡಬೇಡಿ, ನಿಮ್ಮ ಹಳೆಯ ಸ್ಟೇಟ್‌ಮೆಂಟಿನ ಮೇಲಿರುವ ನಂಬರಿಗೆ ಮಾಡಿ. ಹಣ ಹೋಗಿದ್ದರೆ ಆ ಗಳಿಗೆಯಲ್ಲೇ ನಿಮ್ಮ ಬ್ಯಾಂಕಿಗೆ ತಿಳಿಸಿ. ಕಳೆದ ಹಣ ವಾಪಸ್ ಕೊಡಿಸುತ್ತೇವೆ, ಶುಲ್ಕ ಕಟ್ಟಿ ಎಂದು ಬಂದವನನ್ನು ಮೊದಲಿನವನಿಗಿಂತ ಹೆಚ್ಚು ಅನುಮಾನಿಸಿ.

ಅಮ್ಮಂದಿರೇ, ಅಕ್ಕಂದಿರೇ, ಇವತ್ತೇ ಫೈಲು ತೆಗೆದು ಯಾವ ಯಾವ ಕಾಗದದಲ್ಲಿ ನಿಮ್ಮ ಹೆಸರಿದೆ ನೋಡಿ. ಅಣ್ಣಂದಿರೇ, ಯಾರಿಗೂ ಹೇಳಬೇಡಿ ಎಂದು ಯಾರಾದರೂ ಹೇಳಿದರೆ ಮೊದಲು ಮನೆಯವರಿಗೆ ಹೇಳಿ. ಮನೆಯಲ್ಲಿ ಹೇಳಲು ನಾಚಿಕೆಯಾದರೆ ನಮ್ಮ ಮನೆಗೆ ಬನ್ನಿ. ನನ್ನ ಗಂಡ ನಿಮಗೆ ಬುದ್ಧಿ ಹೇಳುವುದಿಲ್ಲ, ಪಕ್ಕದಲ್ಲಿ ಕೂತು ಆ ನಂಬರಿಗೆ ಫೋನ್ ಹಚ್ಚಿಕೊಡುತ್ತಾರೆ, ಮಾತು ನೀವೇ ಆಡಿ.